ಸಿಗರೇಟು ಬಿಟ್ಟ ಮೇಲೂ ಏದುಸಿರು: ಆಂಟಿಆಕ್ಸಿಡೆಂಟ್ ಮಾತ್ರೆ ಬೇಕೆ?

ಪ್ರಶ್ನೆ: ನಮ್ಮ ತಂದೆಯವರಿಗೆ 64 ವರ್ಷ. ಬಹಳ ವರ್ಷ ಸಿಗರೇಟು ಸೇದುತ್ತಿದ್ದರು. ಸಿಓಪಿಡಿ (ಉಸಿರಾಟ ಕಷ್ಟವಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ಇದೆಯೆಂದು ವೈದ್ಯರು ಹೇಳಿದ ಮೇಲೆ ಪೂರ್ತಿಯಾಗಿ ಬಿಟ್ಟಿದ್ದಾರೆ. ಹಾಗಿದ್ದರೂ ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ, ಬೆಳಿಗ್ಗೆ ಕಫ ಕಟ್ಟುತ್ತದೆ. ಇದಕ್ಕೆಲ್ಲ ‘ಆಕ್ಸಿಡೇಟಿವ್ ಸ್ಟ್ರೆಸ್’ ಕಾರಣ, ವಿಟಮಿನ್ ಇ ಮತ್ತು ಬೀಟಾ ಕೆರೋಟಿನ್ ಇರುವ ಮಾತ್ರೆ ನುಂಗಿದರೆ ಸರಿಹೋಗುತ್ತದೆ ಎಂದು ಪರಿಚಿತರೊಬ್ಬರು ಹೇಳುತ್ತಿದ್ದಾರೆ. ಕೊಡಬಹುದೇ?

ಉತ್ತರ: ಆ ಮಾತ್ರೆ ಕೊಡಬೇಡಿ. ನಿಮ್ಮ ಪರಿಚಿತರು ಹೇಳಿದ ಕಾರಣದಲ್ಲಿ ನಿಜಾಂಶವಿದೆ, ಆದರೆ ಅವರು ಸೂಚಿಸಿದ ಪರಿಹಾರಕ್ಕೆ ಆಧಾರವಿಲ್ಲ. ಇವೆರಡನ್ನೂ ಬೇರೆ ಬೇರೆಯಾಗಿ ನೋಡಬೇಕು.

ಸಿಗರೇಟಿನ ಒಂದೇ ಒಂದು ದಮ್ಮಿನ ಹೊಗೆಯಲ್ಲಿ, ಅನಿಲ ರೂಪದ ಭಾಗದಲ್ಲೇ, ಅಂದಾಜು ಸಾವಿರ ಲಕ್ಷ ಕೋಟಿಯಷ್ಟು ಫ್ರೀ ರ‍್ಯಾಡಿಕಲ್‌ಗಳಿರುತ್ತವೆ. ಇವು ಎದುರಿಗೆ ಸಿಕ್ಕ ಕೊಬ್ಬು, ಪ್ರೋಟೀನು, ಡಿಎನ್ಎ ಯಾವುದರಿಂದಲಾದರೂ ಎಲೆಕ್ಟ್ರಾನನ್ನು ಕಿತ್ತುಕೊಳ್ಳುವ ಅಸ್ಥಿರ ಕಣಗಳು. ಶ್ವಾಸಕೋಶಕ್ಕೂ ತನ್ನದೇ ರಕ್ಷಣೆ ಇದೆ. ಗಾಳಿಗೂಡುಗಳ ಒಳಮೈಯನ್ನು ಆವರಿಸಿದ ತೆಳುವಾದ ದ್ರವದಲ್ಲಿ ಗ್ಲುಟಾಥಯೋನ್ ಎಂಬ ಆಂಟಿಆಕ್ಸಿಡೆಂಟ್ (ಇಂಥ ಕಣಗಳನ್ನು ನಿಷ್ಕ್ರಿಯಗೊಳಿಸುವ ವಸ್ತು) ರಕ್ತದ ಪ್ಲಾಸ್ಮಾದಲ್ಲಿರುವುದಕ್ಕಿಂತ ನೂರು ಪಟ್ಟಿಗೂ ಹೆಚ್ಚು ಸಾಂದ್ರವಾಗಿರುತ್ತದೆ. ವರ್ಷಗಟ್ಟಲೆ ಹೊಗೆ ಕುಡಿದಾಗ ಈ ರಕ್ಷಣೆ ಸಾಲದೆ ಬರುತ್ತದೆ. ದಾಳಿ ಹೆಚ್ಚಾಗಿ ತಡೆ ಕಡಿಮೆಯಾಗುವ ಈ ಸ್ಥಿತಿಯೇ ಆಕ್ಸಿಡೇಟಿವ್ ಸ್ಟ್ರೆಸ್.

ಹಾನಿ ಎಷ್ಟು ಸಣ್ಣ ಜಾಗದಲ್ಲಿ ಶುರುವಾಗುತ್ತದೆ ಎಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ನಮ್ಮ ಬಿಳಿ ರಕ್ತಕಣಗಳಲ್ಲಿ ಎಲಾಸ್ಟೇಸ್ ಎಂಬ ಕಿಣ್ವವಿದೆ. ಅದು ಶ್ವಾಸಕೋಶವನ್ನು ಹಿಗ್ಗಿ ಕುಗ್ಗುವಂತೆ ಮಾಡುವ ಎಲಾಸ್ಟಿನ್ ಎಳೆಗಳನ್ನೇ ತುಂಡರಿಸಬಲ್ಲದು. ಅದನ್ನು ಹಿಡಿದು ನಿಲ್ಲಿಸುವುದು ಪಿತ್ತಜನಕಾಂಗದಲ್ಲಿ ತಯಾರಾಗಿ ರಕ್ತದ ಮೂಲಕ ಬರುವ ಆಲ್ಫಾ-1 ಆಂಟಿಟ್ರಿಪ್ಸಿನ್ ಎಂಬ ಪ್ರೋಟೀನು. ಈ ಪ್ರೋಟೀನಿನ ಸರಪಳಿಯಲ್ಲಿ 358ನೆಯ ಸ್ಥಾನದಲ್ಲಿ ಮೆಥಿಯೋನಿನ್ ಎಂಬ ಅಮೈನೋ ಆಮ್ಲವಿದೆ. ಅದರ ಗಂಧಕದ ಪರಮಾಣುವಿಗೆ ಒಂದು ಆಮ್ಲಜನಕ ಬಂದು ಅಂಟಿಕೊಂಡರೆ ಸಾಕು, ಪ್ರೋಟೀನು ಎಲಾಸ್ಟೇಸನ್ನು ಹಿಡಿಯುವ ಶಕ್ತಿಯನ್ನು ಬಹುಮಟ್ಟಿಗೆ ಕಳೆದುಕೊಳ್ಳುತ್ತದೆ. ಆಗ ಕಿಣ್ವಕ್ಕೆ ಅಡ್ಡಿಯಿಲ್ಲ. ಗಾಳಿಗೂಡುಗಳ ಗೋಡೆಗಳು ಕರಗಿ, ಹಳೆಯ ರಬ್ಬರ್ ಬ್ಯಾಂಡಿನಂತೆ ಶ್ವಾಸಕೋಶ ಬಿಗಿ ಕಳೆದುಕೊಳ್ಳುತ್ತದೆ. ಒಳಗೆ ಹೋದ ಗಾಳಿ ಪೂರ್ತಿ ಹೊರಬರುವುದಿಲ್ಲ. ನಿಮ್ಮ ತಂದೆಯವರಿಗೆ ಮೆಟ್ಟಿಲು ಹತ್ತುವಾಗ ಆಗುವ ಏದುಸಿರಿಗೆ ಇದೊಂದು ಮುಖ್ಯ ಕಾರಣವಾಗಿರಬಹುದು.

ಸಿಗರೇಟು ಬಿಟ್ಟ ಮೇಲೂ ತೊಂದರೆ ಏಕೆ ಉಳಿಯುತ್ತದೆ? ಹೊಗೆ ನಿಂತರೂ, ಅದರಿಂದಾಗಿ ಶ್ವಾಸನಾಳಗಳಲ್ಲಿ ನೆಲೆಸಿದ ನ್ಯೂಟ್ರೋಫಿಲ್, ಮ್ಯಾಕ್ರೋಫೇಜ್ ಎಂಬ ರಕ್ಷಕ ಕಣಗಳು ತಕ್ಷಣ ಹೊರಟುಹೋಗುವುದಿಲ್ಲ. ರೋಗಾಣುಗಳನ್ನು ಕೊಲ್ಲಲೆಂದೇ ಅವು ಸೂಪರ್ ಆಕ್ಸೈಡ್ ಮತ್ತು ಹೈಡ್ರೋಜನ್ ಪೆರಾಕ್ಸೈಡುಗಳನ್ನು ತಯಾರಿಸುತ್ತವೆ. ಉರಿಯೂತ ಇರುವಷ್ಟು ಕಾಲ ತಯಾರಿಸುತ್ತಲೇ ಇರುತ್ತವೆ. ಜೊತೆಗೆ, ಜೀವಕೋಶಗಳಲ್ಲಿ ಆಂಟಿಆಕ್ಸಿಡೆಂಟ್ ಕಿಣ್ವಗಳ ಉತ್ಪಾದನೆಗೆ ಚಾಲನೆ ಕೊಡುವ ಎನ್ಆರ್‌ಎಫ್2 ಎಂಬ ಅಂಶದ ಚಟುವಟಿಕೆಯೂ ಸಿಓಪಿಡಿ ಇರುವವರ ಶ್ವಾಸಕೋಶದಲ್ಲಿ ಕುಗ್ಗಿರುತ್ತದೆ. ಇನ್ನೊಂದು ಮಾತು: ಸ್ಟೀರಾಯ್ಡ್ ಔಷಧವು ಉರಿಯೂತದ ಜೀನ್‌ಗಳನ್ನು ತಣಿಸಲು ಎಚ್‌ಡಿಎಸಿ2 ಎಂಬ ಕಿಣ್ವದ ನೆರವು ಬೇಕು. ಆಕ್ಸಿಡೇಟಿವ್ ಸ್ಟ್ರೆಸ್ ಅದನ್ನೂ ಕುಂದಿಸುತ್ತದೆ. ಆಸ್ತಮಾದಲ್ಲಿ ಚೆನ್ನಾಗಿ ಕೆಲಸ ಮಾಡುವ ಸ್ಟೀರಾಯ್ಡ್ ಇನ್ಹೇಲರು ಸಿಓಪಿಡಿಯಲ್ಲಿ ಅಷ್ಟು ಫಲ ಕೊಡದಿರುವುದಕ್ಕೆ ಇದು ಒಂದು ವಿವರಣೆ.

ಹಾಗಾದರೆ ಆಂಟಿಆಕ್ಸಿಡೆಂಟ್ ಕೊಟ್ಟರೆ ಆಯಿತಲ್ಲ ಎಂದು ಯಾರಿಗಾದರೂ ಅನ್ನಿಸುವುದು ಸಹಜ. ವಿಜ್ಞಾನಿಗಳಿಗೂ ಅನ್ನಿಸಿತ್ತು. ಫಿನ್ಲೆಂಡಿನಲ್ಲಿ ಧೂಮಪಾನ ಮಾಡುವ 29,133 ಪುರುಷರ ಮೇಲೆ ನಡೆದು 1994ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬೀಟಾ ಕೆರೋಟಿನ್ ಪಡೆದವರಲ್ಲಿ ಶ್ವಾಸಕೋಶದ ಕ್ಯಾನ್ಸರು ಶೇಕಡಾ 18ರಷ್ಟು ಹೆಚ್ಚಾಗಿ ಕಂಡುಬಂತು. ವಿಟಮಿನ್ ಇ ಅದನ್ನು ತಗ್ಗಿಸಲಿಲ್ಲ. ಅಮೆರಿಕದಲ್ಲಿ ಬೀಟಾ ಕೆರೋಟಿನ್ ಜೊತೆಗೆ ವಿಟಮಿನ್ ಎ ಕೊಟ್ಟು ನಡೆಸುತ್ತಿದ್ದ ಮತ್ತೊಂದು ದೊಡ್ಡ ಅಧ್ಯಯನದಲ್ಲಿ ಈ ಹೆಚ್ಚಳ ಶೇಕಡಾ 28ರಷ್ಟಿದ್ದುದರಿಂದ ಅದನ್ನು 1996ರಲ್ಲಿ ಅವಧಿಗೆ ಮುಂಚೆಯೇ ನಿಲ್ಲಿಸಬೇಕಾಯಿತು. ಹಾನಿ ಸ್ಪಷ್ಟವಾಗಿ ಕಂಡದ್ದು ಇನ್ನೂ ಸಿಗರೇಟು ಸೇದುತ್ತಿದ್ದವರಲ್ಲಿ ಎಂಬುದು ನಿಜ. ಆದರೆ ಬಿಟ್ಟವರಿಗೆ ಅದರಿಂದ ಪ್ರಯೋಜನವಿದೆ ಎಂಬುದು ಸಿದ್ಧವಾಗಿಲ್ಲದಿರುವಾಗ, ಇಂಥ ಹಿನ್ನೆಲೆಯ ಮಾತ್ರೆಯನ್ನು ಅವರಿಗೇಕೆ ಕೊಡಬೇಕು?

ಎನ್-ಅಸಿಟೈಲ್ ಸಿಸ್ಟೀನ್ ಎಂಬ ಔಷಧದ ವಿಷಯ ಸ್ವಲ್ಪ ಬೇರೆ. ಅದು ಕಫವನ್ನು ತೆಳುವಾಗಿಸುತ್ತದೆ, ಗ್ಲುಟಾಥಯೋನ್ ತಯಾರಿಕೆಗೆ ಕಚ್ಚಾ ಸಾಮಗ್ರಿಯನ್ನೂ ಒದಗಿಸುತ್ತದೆ. ದಿನಕ್ಕೆ 600 ಮಿಲಿಗ್ರಾಂ ಕೊಟ್ಟು ಯುರೋಪಿನಲ್ಲಿ ನಡೆಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶ್ವಾಸಕೋಶದ ಸಾಮರ್ಥ್ಯ ಕುಸಿಯುವ ವೇಗ ತಗ್ಗಲಿಲ್ಲ. ಅದೇ ಪ್ರಮಾಣವನ್ನು ದಿನಕ್ಕೆರಡು ಬಾರಿ ಕೊಟ್ಟ ಚೀನಾದ 2014ರ ಅಧ್ಯಯನದಲ್ಲಿ ಕಾಯಿಲೆ ಉಲ್ಬಣಿಸುವ ಸಂದರ್ಭಗಳು ಕಡಿಮೆಯಾದವು. ಪದೇ ಪದೇ ಉಲ್ಬಣವಾಗುವ ಕೆಲವರಿಗೆ ವೈದ್ಯರು ಇದನ್ನು ಬರೆದುಕೊಡುವುದುಂಟು. ನೀವಾಗಿಯೇ ತಂದು ಕೊಡುವ ಬದಲು ಅವರನ್ನು ಕೇಳಿ.

ನಿಮ್ಮ ತಂದೆಯವರು ಈಗಾಗಲೇ ಮಾಡಿರುವ ಕೆಲಸಕ್ಕೆ ಸಮನಾದ ಮಾತ್ರೆ ಇನ್ನೂ ಬಂದಿಲ್ಲ. ಹೋದ ಸಾಮರ್ಥ್ಯ ಹಿಂದಿರುಗದಿದ್ದರೂ, ಧೂಮಪಾನ ಬಿಟ್ಟವರಲ್ಲಿ ಮುಂದಿನ ಕುಸಿತದ ವೇಗ ಎಂದೂ ಸೇದದವರ ವೇಗಕ್ಕೆ ಹತ್ತಿರವಾಗುತ್ತದೆ. ಬೇರೆಯವರ ಸಿಗರೇಟಿನ ಹೊಗೆ, ಸೌದೆ ಒಲೆಯ ಹೊಗೆ, ಧೂಳು ಇವುಗಳಿಂದಲೂ ಅವರನ್ನು ದೂರವಿಡಿ. ಫ್ಲೂ ಮತ್ತು ನ್ಯುಮೋನಿಯಾ ಲಸಿಕೆಗಳನ್ನು ಹಾಕಿಸಿ. ವೈದ್ಯರ ಸಲಹೆಯಂತೆ ನಿಯಮಿತ ನಡಿಗೆ, ವ್ಯಾಯಾಮ ಇರಲಿ. ಮುಂದಿನ ಭೇಟಿಯಲ್ಲಿ ವೈದ್ಯರ ಎದುರಿಗೇ ಇನ್ಹೇಲರ್ ಎಳೆದು ತೋರಿಸಲು ಹೇಳಿ. ತಪ್ಪಾಗಿ ಎಳೆಯುವುದರಿಂದ ಔಷಧ ಬಾಯಿ, ಗಂಟಲಲ್ಲೇ ಉಳಿದುಹೋಗುವುದು ಬಹಳ ಸಾಮಾನ್ಯ.

ಪ್ರಶ್ನೆ: ನಮ್ಮ ತಾಯಿಯವರು ಇದೇ ಕಾಯಿಲೆಗೆ ಮನೆಯಲ್ಲಿ ದಿನಕ್ಕೆ 16 ಗಂಟೆ ಆಮ್ಲಜನಕ ತೆಗೆದುಕೊಳ್ಳುತ್ತಿದ್ದಾರೆ. ಆಮ್ಲಜನಕದಿಂದಲೇ ಶ್ವಾಸಕೋಶಕ್ಕೆ ಹಾನಿ ಎಂದು ಓದಿ ಅವರು ಹೆದರಿದ್ದಾರೆ. ಗಂಟೆಗಳನ್ನು ಕಡಿಮೆ ಮಾಡಬಹುದೇ?

ಉತ್ತರ: ಕಡಿಮೆ ಮಾಡಬೇಡಿ. ಅಂಥ ಹಾನಿ ಆಗುವುದು ಅತಿ ಸಾಂದ್ರ ಆಮ್ಲಜನಕವನ್ನು ದೀರ್ಘಕಾಲ ಕೊಟ್ಟಾಗ. ಮೂಗಿನ ನಳಿಕೆಯಿಂದ ನಿಮಿಷಕ್ಕೆ ಒಂದೆರಡು ಲೀಟರಿನಂತೆ ಕೊಡುವುದು ಆ ಮಟ್ಟದ್ದಲ್ಲ. ರಕ್ತದಲ್ಲಿ ಆಮ್ಲಜನಕ ತೀರಾ ಕಡಿಮೆ ಇರುವ ಸಿಓಪಿಡಿ ರೋಗಿಗಳಿಗೆ ದಿನಕ್ಕೆ 15 ಗಂಟೆ ಅಥವಾ ಅದಕ್ಕಿಂತ ಹೆಚ್ಚು ಕೊಟ್ಟರೆ ಆಯುಷ್ಯ ಹೆಚ್ಚುತ್ತದೆಂದು 1980 ಮತ್ತು 1981ರಲ್ಲಿ ಪ್ರಕಟವಾದ ಎರಡು ಅಧ್ಯಯನಗಳಿಂದ ತಿಳಿದಿದೆ. ಹಾಗೆಂದು ಉಸಿರು ಕಟ್ಟಿದಾಗ ನೀವಾಗಿಯೇ ಹರಿವನ್ನು ಏರಿಸುವುದೂ ಸರಿಯಲ್ಲ, ಏಕೆಂದರೆ ಈ ರೋಗಿಗಳಲ್ಲಿ ಕೆಲವರಿಗೆ ಅತಿಯಾದ ಆಮ್ಲಜನಕದಿಂದ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಏರಿ ಮಂಪರು ಕವಿಯುತ್ತದೆ. ಉಲ್ಬಣದ ಸಮಯದಲ್ಲಿ ಆಸ್ಪತ್ರೆಗಳಲ್ಲಿ ರಕ್ತದ ಆಮ್ಲಜನಕ ಸಂತೃಪ್ತಿ (ಬೆರಳಿಗೆ ಹಾಕುವ ಆಕ್ಸಿಮೀಟರ್ ತೋರಿಸುವ ಅಂಕಿ) ಶೇಕಡಾ 88ರಿಂದ 92ರ ಮಟ್ಟದಲ್ಲಿರುವುದನ್ನೇ ಗುರಿಯಾಗಿಟ್ಟುಕೊಳ್ಳುವುದು ಇದಕ್ಕಾಗಿ. ಅವರಿರುವ ಕೋಣೆಯಲ್ಲಿ ಬೆಂಕಿ, ಬೀಡಿ, ಸಿಗರೇಟು ಯಾವುದೂ ಬೇಡ.

ಪ್ರಶ್ನೆ: ದೇಹದಲ್ಲಿ ಆಕ್ಸಿಡೇಟಿವ್ ಸ್ಟ್ರೆಸ್ ಎಷ್ಟಿದೆ ಎಂದು ತಿಳಿಯಲು ರಕ್ತಪರೀಕ್ಷೆ ಮಾಡಿಸಬೇಕೇ?

ಉತ್ತರ: ಬೇಡ. ಹೊರಬಿಟ್ಟ ಉಸಿರನ್ನು ತಣಿಸಿ ಹನಿಯಾಗಿಸಿ, ಅದರಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ಮತ್ತು ಫ್ರೀ ರ‍್ಯಾಡಿಕಲ್‌ಗಳು ಕೊಬ್ಬಿನ ಮೇಲೆ ದಾಳಿ ಮಾಡಿದಾಗ ಉಂಟಾಗುವ 8-ಐಸೋಪ್ರೋಸ್ಟೇನ್ ಎಷ್ಟಿದೆ ಎಂದು ಸಂಶೋಧಕರು ಅಳೆಯುತ್ತಾರೆ. ಸಿಓಪಿಡಿಯಲ್ಲಿ ಎರಡೂ ಹೆಚ್ಚಿರುವುದು ಕಂಡುಬಂದಿದೆ. ಆದರೆ ಈ ಅಂಕಿಗಳಾಗಲಿ, ರಕ್ತದಲ್ಲಿ ಅಳೆಯುವ ಅಂಥ ಅಂಕಿಗಳಾಗಲಿ ಇಂದು ಯಾವ ರೋಗಿಯ ಚಿಕಿತ್ಸೆಯನ್ನೂ ನಿರ್ಧರಿಸುವುದಿಲ್ಲ. ಕೆಮ್ಮು, ಕಫ, ಏದುಸಿರು ಇದ್ದೂ ಇನ್ನೂ ಸ್ಪೈರೋಮೆಟ್ರಿ (ಊದಿಸಿ ಶ್ವಾಸಕೋಶದ ಸಾಮರ್ಥ್ಯ ಅಳೆಯುವ ಪರೀಕ್ಷೆ) ಆಗಿಲ್ಲದಿದ್ದರೆ ಮೊದಲು ಅದನ್ನು ಮಾಡಿಸಿ.