ಲೈಟ್ ಒಂಟಿಯಾಗಿ ಬಂತೇ, ಜೊತೆಗಾರರೊಂದಿಗೆ ಬಂತೇ?

ಏಪ್ರಿಲ್, ಮೇ ತಿಂಗಳಲ್ಲಿ ಕಾರಿನ ಬಗ್ಗೆ ಓದುಗರಿಂದ ನನಗೆ ಬರುವ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಏಸಿ ತಣ್ಣಗಾಗುತ್ತಿಲ್ಲ ಎಂಬವು. ಜೂನ್ ಬಂತೆಂದರೆ ವಾರ್ನಿಂಗ್ ಲೈಟ್ ಹತ್ತಿದ ಮೀಟರ್ ಬೋರ್ಡಿನ ಫೋಟೊಗಳು ಶುರು. ಈ ಸಲ ಆರಿಸಿಕೊಂಡ ನಾಲ್ಕೂ ಬ್ರೇಕಿನ ಸುತ್ತಮುತ್ತಲಿನವೇ.

ನಮ್ಮದು 2017ರ ಡೀಸೆಲ್ ಕಾರು, 68,000 ಕಿ.ಮೀ. ಓಡಿದೆ. ಚಾರ್ಮಾಡಿ ಘಾಟಿ ಇಳಿಯುವಾಗ ತಿರುವುಗಳಲ್ಲಿ ಆಶ್ಚರ್ಯಸೂಚಕ ಚಿಹ್ನೆಯ ಕೆಂಪು ಲೈಟ್ ಬಂದು ಹೋಗುತ್ತದೆ. ಹ್ಯಾಂಡ್ ಬ್ರೇಕ್ ಪೂರ್ತಿ ಇಳಿಸಿರುತ್ತೇನೆ. ಕಳೆದ ದೀಪಾವಳಿ ಹೊತ್ತಿಗೂ ಹೀಗಾಗಿತ್ತು, ಪರಿಚಯದ ಮೆಕ್ಯಾನಿಕ್ ಬ್ರೇಕ್ ಆಯಿಲ್ ಸುರಿದ ಮೇಲೆ ನಿಂತಿತು. ಈಗಲೂ ಸುರಿಸಿದರೆ ಸಾಕಲ್ಲವೇ ಸರ್?
– ಮೂಡಿಗೆರೆಯ ಓದುಗರು

ಸಾಲದು. ಹೋದ ಸಲ ಏನೂ ನೋಡದೆ ಸುರಿದದ್ದೇ ತಪ್ಪು.

ಬಾನೆಟ್ ಎತ್ತಿ ನೋಡಿ. ಹೆಚ್ಚಿನ ಕಾರುಗಳಲ್ಲಿ ಡ್ರೈವರ್ ಸೀಟಿನ ನೇರಕ್ಕೆ, ಗಾಜಿನ ಬುಡದಲ್ಲಿ, ಹಾಲುಬಣ್ಣದ ಒಂದು ಪ್ಲಾಸ್ಟಿಕ್ ಡಬ್ಬಿ ಇರುತ್ತದೆ. ಬ್ರೇಕ್ ಆಯಿಲ್ ಎನ್ನುವ ದ್ರವ ಇರುವುದು ಅದರಲ್ಲೇ. ಮೈಮೇಲೆ ಮ್ಯಾಕ್ಸ್, ಮಿನ್ ಎಂಬ ಎರಡು ಗೆರೆ. ಒಳಗೊಂದು ಪುಟ್ಟ ತೇಲುಬುರುಡೆ. ದ್ರವ ಮಿನ್ ಗೆರೆಯ ಹತ್ತಿರ ಇಳಿದಾಗ ಬುರುಡೆಯೂ ಇಳಿದು ಸ್ವಿಚ್ ಮುಟ್ಟುತ್ತದೆ, ಕೆಂಪು ಲೈಟ್ ಹತ್ತುತ್ತದೆ. ಸಪಾಟು ರಸ್ತೆಯಲ್ಲಿ ನಿಮ್ಮ ದ್ರವ ಆ ಗೆರೆಯಿಂದ ಕೂದಲೆಳೆಯಷ್ಟು ಮೇಲಿದೆ. ಘಾಟಿಯ ತಿರುವಿನಲ್ಲಿ ಕಾರು ವಾಲಿದಾಗ ದ್ರವ ಒಂದು ಮಗ್ಗುಲಿಗೆ ಸರಿದು ಬುರುಡೆ ಎರಡು ಕ್ಷಣ ಕುಸಿಯುತ್ತದೆ. ನೀವು ನೋಡಿದ್ದು ಅದನ್ನೇ.

ಈ ದ್ರವ ಪೆಟ್ರೋಲಿನಂತೆ ಖರ್ಚಾಗುವ ವಸ್ತುವಲ್ಲ. ಮುಚ್ಚಿದ ಪೈಪುಗಳೊಳಗೆ ಇರುವಷ್ಟೇ ಇರಬೇಕು. ಕಡಿಮೆಯಾಗಿದೆ ಎಂದರೆ ಒಂದೋ ಬ್ರೇಕ್ ಪ್ಯಾಡ್ ಸವೆದಿದೆ, ಇಲ್ಲವೇ ಎಲ್ಲೋ ಸೋರುತ್ತಿದೆ. ಹೊಸ ಪ್ಯಾಡಿನಲ್ಲಿ ಸುಮಾರು 10 ಮಿ.ಮೀ. ದಪ್ಪ ಉಜ್ಜುವ ಮಸಾಲೆ ಇರುತ್ತದೆ. ಅದು ಸವೆದಷ್ಟೂ, ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿನ ಪಿಸ್ಟನ್ ಹೊರಗೆ ಬರುತ್ತದೆ, ಅದರ ಹಿಂದೆ ಖಾಲಿಯಾದ ಜಾಗ ತುಂಬಲು ಡಬ್ಬಿಯಿಂದ ದ್ರವ ಇಳಿಯುತ್ತದೆ. ಹಾಗಾಗಿ ಆ ಡಬ್ಬಿ ನೋಡಿಯೇ ಪ್ಯಾಡಿನ ವಯಸ್ಸು ಅಂದಾಜು ಮಾಡಬಹುದು. ದೀಪಾವಳಿಗೆ ಸುರಿದವರು ಆ ಲೆಕ್ಕವನ್ನೇ ಅಳಿಸಿಬಿಟ್ಟರು. ಈಗ ಪ್ಯಾಡ್ 3 ಮಿ.ಮೀ.ಗಿಂತ ಕಡಿಮೆ ಉಳಿದಿದ್ದರೆ ಬದಲಿಸಿ. ಹೊಸದು ಕೂರಿಸುವಾಗ ಪಿಸ್ಟನ್ ಹಿಂದಕ್ಕೆ ತಳ್ಳುತ್ತಾರಲ್ಲ, ಆಗ ಡಬ್ಬಿಯಿಂದ ಉಕ್ಕದಂತೆ ನೋಡಿಕೊಳ್ಳಿ. ಈ ದ್ರವ ಕಾರಿನ ಬಣ್ಣದ ಮೇಲೆ ಬಿದ್ದರೆ ಬಣ್ಣವೇ ಎದ್ದು ಬರುತ್ತದೆ.

ಪ್ಯಾಡ್ ದಪ್ಪಗೇ ಇದ್ದು ದ್ರವ ಇಳಿದಿದ್ದರೆ ಮಾತ್ರ ನನಗೆ ಗಾಬರಿ. ಕಾರು ನಿಂತಲ್ಲೇ ಎಂಜಿನ್ ಸ್ಟಾರ್ಟ್ ಮಾಡಿ ಬ್ರೇಕ್ ಪೆಡಲ್ ಗಟ್ಟಿಯಾಗಿ ಒತ್ತಿ, ಅರ್ಧ ನಿಮಿಷ ಹಾಗೇ ಹಿಡಿಯಿರಿ. ಪೆಡಲ್ ನಿಂತಲ್ಲಿ ನಿಲ್ಲಬೇಕು. ಪಾದದಡಿ ನಿಧಾನಕ್ಕೆ ಕುಸಿಯುತ್ತಾ ಹೋದರೆ ಎಲ್ಲೋ ಒತ್ತಡ ಸೋರುತ್ತಿದೆ. ಹಿಂದಿನ ಡ್ರಮ್ಮಿನ ಒಳಮೈ, ಟೈರಿನ ಒಳಬದಿ ಒದ್ದೆಯಿದೆಯೇ ನೋಡಿ. ಇದು ಸರಿಹೋಗುವವರೆಗೆ ಕೊಟ್ಟಿಗೆಹಾರ ದಾಟಿ ಕೆಳಗಿಳಿಯಬೇಡಿ.

ದ್ರವ ಬದಲಿಸಿ ಎಷ್ಟು ವರ್ಷವಾಯಿತು ಎಂಬುದನ್ನು ನೀವು ಬರೆದಿಲ್ಲ. ಬರೆಯುವವರು ಕಡಿಮೆ, ಏಕೆಂದರೆ ಬದಲಿಸುವವರೇ ಕಡಿಮೆ. ಇದು ಗಾಳಿಯ ತೇವ ಹೀರುವ ಜಾತಿ. ಹೊಸ ಡಾಟ್ 4 ದರ್ಜೆಯ ದ್ರವ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ಮಾನದಂಡ. ತೇವ ಕುಡಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಡಾಟ್ 3 ಆದರೆ 205 ಮತ್ತು 140. ಉದ್ದದ ಇಳಿಜಾರಿನಲ್ಲಿ ಬ್ರೇಕ್ ಮೇಲೆಯೇ ಕಾಲಿಟ್ಟು ಬಂದರೆ ಹಳೆಯ ದ್ರವ ಕುದಿದು ಗುಳ್ಳೆ ಕಟ್ಟುತ್ತದೆ. ದ್ರವ ಒತ್ತಿದರೆ ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ. ಪೆಡಲ್ ಹತ್ತಿಯ ದಿಂಬಿನಂತಾಗುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಿ. ಹತ್ತುವ ಗೇರಿನಲ್ಲೇ ಇಳಿಯಿರಿ.

ಇನ್ನೊಂದು. ನಾವೆಲ್ಲ ಬ್ರೇಕ್ ಆಯಿಲ್ ಎನ್ನುತ್ತೇವೆ, ಗ್ಯಾರೇಜಿನಲ್ಲಿ ನಾನೂ ಹಾಗೇ ಕರೆಯುವುದು. ಆದರೆ ಅದು ಆಯಿಲ್ ಅಲ್ಲ. ಹೆಸರನ್ನು ನಂಬಿ ಒಬ್ಬ ಡ್ರೈವರ್ ಉಳಿದಿದ್ದ ಎಂಜಿನ್ ಆಯಿಲನ್ನೇ ಆ ಡಬ್ಬಿಗೆ ಹೊಯ್ದು ಕಾರು ತಂದಿದ್ದ. ಒಳಗಿನ ರಬ್ಬರ್ ವಾಷರುಗಳು ನೀರಿಗೆ ಬಿದ್ದ ಕಡಲೆಯಂತೆ ಉಬ್ಬಿದ್ದವು. ಪೆಡಲಿನ ಒತ್ತಡವನ್ನು ದ್ರವಕ್ಕೆ ದಾಟಿಸುವ ಮಾಸ್ಟರ್ ಸಿಲಿಂಡರಿನಿಂದ ನಾಲ್ಕು ಚಕ್ರದವರೆಗೆ ರಬ್ಬರ್ ಇರುವುದನ್ನೆಲ್ಲ ಬದಲಿಸಬೇಕಾಯಿತು.

2021ರ ಎಸ್‌ಯುವಿ. ಊರಿಗೆ ಹೋಗಿ ಬರುವಷ್ಟರಲ್ಲಿ ಹತ್ತು ದಿನ ಶೆಡ್‌ನಲ್ಲಿ ನಿಂತಿತ್ತು. ಸ್ಟಾರ್ಟ್ ಮಾಡಿದರೆ ಎಬಿಎಸ್, ಜಾರುವ ಕಾರಿನ ಚಿತ್ರ, ಹಿಲ್ ಹೋಲ್ಡ್, ಮೂರೂ ಹಳದಿ ಲೈಟ್ ಒಟ್ಟಿಗೇ ಬಂದಿವೆ. ಸರ್ವಿಸ್ ಸೆಂಟರಿನವರು ಎಬಿಎಸ್ ಮಾಡ್ಯೂಲ್ ಹೋಗಿದೆ, ಪೂರ್ತಿ ಬದಲಿಸಬೇಕು ಎಂದು ದೊಡ್ಡ ಮೊತ್ತ ಹೇಳುತ್ತಿದ್ದಾರೆ. ಮೂರೂ ಒಂದೇ ದಿನ ಹಾಳಾಗುತ್ತವೆಯೇ? ಓಡಿಸಬಹುದೇ?
– ಸಕಲೇಶಪುರದಿಂದ ಒಬ್ಬರು

ಮೂರು ಹಾಳಾಗಿಲ್ಲ. ಬಹುಪಾಲು ಒಂದೇ ಹಾಳಾಗಿ ಮೂರು ಬಾಗಿಲು ಮುಚ್ಚಿವೆ. ಊರಿನ ಟ್ರಾನ್ಸ್‌ಫಾರ್ಮರ್ ಹೋದರೆ ಪ್ರತಿ ಮನೆಯ ಬಲ್ಬ್ ಬಿಚ್ಚಿ ನೋಡುತ್ತೇವೆಯೇ?

ಪ್ರತಿ ಚಕ್ರದ ಹಬ್ ಬಳಿ ಬೆರಳ ತುದಿಯಷ್ಟು ದೊಡ್ಡ ಒಂದು ಸೆನ್ಸರ್ ಇದೆ. ಚಕ್ರ ಎಷ್ಟು ವೇಗವಾಗಿ ತಿರುಗುತ್ತಿದೆ ಎಂದು ಎಣಿಸುವುದಷ್ಟೇ ಅದರ ಕೆಲಸ. ಬ್ರೇಕ್ ಹಾಕಿದಾಗ ಯಾವ ಚಕ್ರ ಕಚ್ಚಿ ನಿಂತಿತು ಎಂದು, ಚಕ್ರ ಹಾಗೆ ಕಚ್ಚದಂತೆ ತಡೆಯುವ ಎಬಿಎಸ್ ಅದನ್ನೇ ಕೇಳುತ್ತದೆ. ಯಾವ ಚಕ್ರ ಸುಮ್ಮನೆ ಗಿರಕಿ ಹೊಡೆಯುತ್ತಿದೆ ಎಂದು ಟ್ರ್ಯಾಕ್ಷನ್ ಕಂಟ್ರೋಲೂ ಅದನ್ನೇ ಕೇಳುತ್ತದೆ. ಕಾರು ಅಡ್ಡ ಜಾರದಂತೆ ಹಿಡಿಯುವ ಇಎಸ್‌ಸಿ, ಏರಿನಲ್ಲಿ ನಿಲ್ಲಿಸುವ ಹಿಲ್ ಹೋಲ್ಡ್ ಕೂಡ ಎಬಿಎಸ್ ಮಾಡ್ಯೂಲಿನ ಅದೇ ಪಂಪನ್ನು, ಅದೇ ಮಾಹಿತಿಯನ್ನು ಹಂಚಿಕೊಂಡು ಬದುಕುವವು. ಒಂದು ಸೆನ್ಸರ್ ಮಾತು ನಿಲ್ಲಿಸಿದರೆ ಎಲ್ಲವೂ ಕೈಚೆಲ್ಲುತ್ತವೆ.

ಹತ್ತು ದಿನ ಶೆಡ್‌ನಲ್ಲಿ ನಿಂತ ಕಾರು ಎಂದಿರಿ. ನನ್ನ ಮೊದಲ ಅನುಮಾನ ಇಲಿಯ ಮೇಲೆ. ಇಂಥದ್ದೇ ಒಂದು ಕಾರನ್ನು ಜಾಕ್ ಹಾಕಿ ಎತ್ತಿ, ಹಿಂದಿನ ಬಲಚಕ್ರ ಬಿಚ್ಚಿ, ಮಡ್‌ಗಾರ್ಡಿನೊಳಗಿನ ಪ್ಲಾಸ್ಟಿಕ್ ಸರಿಸಿದೆ. ಮೇಲ್ಗಡೆ ಮೂಲೆಯಲ್ಲಿ ತೆಂಗಿನ ನಾರು, ಅಡಿಕೆ ಸಿಪ್ಪೆ, ಹರಿದ ನೆಲವರಸುವ ಬಟ್ಟೆ ಸೇರಿಸಿ ಚೊಕ್ಕವಾಗಿ ಕಟ್ಟಿದ ಗೂಡು. ಅದರ ಕೆಳಗೆ ಸೆನ್ಸರಿನ ವೈರು, ಕತ್ತರಿಯಲ್ಲಿ ತುಂಡರಿಸಿದಂತೆ. ಎರಡು ಎಳೆ ಬೆಸುಗೆ ಹಾಕಿ, ನೀರು ಇಳಿಯದಂತೆ ಸ್ಲೀವ್ ಹಾಕಿದ ಮೇಲೆ ಮೂರೂ ಲೈಟ್ ಹೋದವು.

ಎರಡನೆಯ ಅನುಮಾನ ಬ್ಯಾಟರಿಯ ಮೇಲೆ. ಪೂರ್ತಿ ಚಾರ್ಜಾದ ಬ್ಯಾಟರಿ ನಿಂತಲ್ಲಿ ಸುಮಾರು 12.6 ವೋಲ್ಟ್ ತೋರಿಸಬೇಕು. ಬಡವಾದ ಬ್ಯಾಟರಿಯಲ್ಲಿ ಸ್ಟಾರ್ಟರ್ ಎಳೆಯುವಾಗ ವೋಲ್ಟೇಜ್ ಕುಸಿದು ಕಂಪ್ಯೂಟರುಗಳು ಗಲಿಬಿಲಿಗೊಂಡು ಇಡೀ ಸಾಲೇ ಹಳದಿಯಾಗುವುದುಂಟು. ಕೆಲವು ಕಾರುಗಳಲ್ಲಿ ಬ್ಯಾಟರಿ ಬಿಚ್ಚಿ ಹಾಕಿದ ಮೇಲೆ ಸ್ಟೀರಿಂಗನ್ನು ಆ ತುದಿಯಿಂದ ಈ ತುದಿಗೆ ಒಮ್ಮೆ ತಿರುಗಿಸಿ, ಸ್ವಲ್ಪ ದೂರ ಓಡಿಸಿದರೆ ಲೈಟ್ ತಾನಾಗಿ ಆರುತ್ತದೆ. ಖರ್ಚಿಲ್ಲದ ಪರೀಕ್ಷೆ, ಮೊದಲು ಮಾಡಿ.

ಮಾಡ್ಯೂಲ್ ಹೋಗುವುದೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಹೋಗುತ್ತದೆ. ಆದರೆ ಆ ಮಾತು ಕೊನೆಗೆ ಬರಬೇಕು. ಕಾರಿನ ದೋಷ ಓದುವ ಸ್ಕ್ಯಾನರಿನಲ್ಲಿ ಯಾವ ಕೋಡ್ ಬಂತು ಎಂದು ಬರೆದುಕೊಡಲು ಕೇಳಿ. ಬ್ರೇಕಿನ ದೋಷದ ಕೋಡುಗಳು ಸಾಮಾನ್ಯವಾಗಿ ಸಿ ಅಕ್ಷರದಿಂದ ಶುರುವಾಗುತ್ತವೆ, ಪಿ ಇದ್ದರೆ ಎಂಜಿನ್ ಕಡೆಯದು. ಆನ್‌ಲೈನಿನಲ್ಲಿ ಸಿಗುವ ಅಗ್ಗದ ಬ್ಲೂಟೂತ್ ಸ್ಕ್ಯಾನರುಗಳು ಹೆಚ್ಚಾಗಿ ಪಿ ಮಾತ್ರ ಓದುತ್ತವೆ. ಅದರಲ್ಲಿ ದೋಷವಿಲ್ಲ ಎಂದು ಬಂದರೆ ನಂಬಬೇಡಿ. ಕೋಡ್ ಒಂದು ಚಕ್ರವನ್ನು ತೋರಿಸುತ್ತಿದ್ದರೆ ಅದರ ವೈರು, ಸೆನ್ಸರ್, ಬೇರಿಂಗ್ ನೋಡದೆ ಮಾಡ್ಯೂಲ್ ಬದಲಿಸಲು ಒಪ್ಪಿಗೆ ಕೊಡಬೇಡಿ.

ಓಡಿಸಬಹುದೇ? ಹಳದಿ ಮಾತ್ರ ಇದ್ದರೆ ಮಾಮೂಲಿ ಬ್ರೇಕ್ ಕೆಲಸ ಮಾಡುತ್ತದೆ. ಎಬಿಎಸ್ ಇಲ್ಲದ ಕಾಲದ ಕಾರಿನಂತೆ ಓಡಿಸಿ: ಮುಂದಿನ ಗಾಡಿಯಿಂದ ದೂರ, ಒದ್ದೆ ರಸ್ತೆಯಲ್ಲಿ ಮೆಲ್ಲಗೆ. ಎಬಿಎಸ್ ಜೊತೆಗೆ ಕೆಂಪು ಬ್ರೇಕ್ ಲೈಟೂ ಬಂದರೆ ಲೆಕ್ಕ ಬೇರೆ. ಆಗ ಹಿಂದಿನ ಚಕ್ರಕ್ಕೆ ಎಷ್ಟು ಒತ್ತಡ ಹೋಗಬೇಕೆಂದು ಹದ ನೋಡುವ ಇಬಿಡಿಯೂ ಕೆಲಸ ನಿಲ್ಲಿಸಿರಬಹುದು. ಜೋರಾಗಿ ಬ್ರೇಕ್ ಹಿಡಿದರೆ ಹಿಂದಿನ ಚಕ್ರ ಮೊದಲು ಕಚ್ಚಿ ಕಾರು ಬುಗುರಿಯಂತೆ ತಿರುಗೀತು. ಈ ಜೋಡಿ ಕಂಡರೆ ಬದಿಗೆ ನಿಲ್ಲಿಸಿ, ಟೋಯಿಂಗ್ ಗಾಡಿ ಕರೆಸಿ.

ಮಳೆಯಲ್ಲಿ ನಮ್ಮ ಮನೆಯ ಏರು ಹತ್ತುವಾಗ ಜಾರುವ ಕಾರಿನ ಲೈಟ್ ಪಟಪಟ ಮಿಣುಕುತ್ತದೆ. ಆಗ ಆಕ್ಸಿಲರೇಟರ್ ಎಷ್ಟು ಒತ್ತಿದರೂ ಕಾರು ಎಳೆಯುವುದಿಲ್ಲ.
– ಪುತ್ತೂರಿನ ಓದುಗರು

ಆ ಲೈಟ್ ಮಿಣುಕಿದರೆ ಟ್ರ್ಯಾಕ್ಷನ್ ಕಂಟ್ರೋಲ್ ಕೆಲಸ ಮಾಡುತ್ತಿದೆ ಎಂದರ್ಥ, ನಿಂತು ಉರಿದರೆ ಕೆಟ್ಟಿದೆ ಎಂದರ್ಥ. ಆಫ್ ಎಂಬ ಅಕ್ಷರದೊಂದಿಗೆ ಉರಿದರೆ ಯಾರೋ ಬಟನ್ ಒತ್ತಿದ್ದಾರೆ. ಮುಂದಿನ ಸೀಟಿನಲ್ಲಿ ಕೂತ ಮಕ್ಕಳನ್ನು ವಿಚಾರಿಸಿ.

ಪಾಚಿ ಕಟ್ಟಿದ ಏರಿನಲ್ಲಿ ಚಕ್ರ ಗಿರಕಿ ಹೊಡೆದಾಗ ಅದು ಎಂಜಿನ್ನಿನ ಬಲ ತಗ್ಗಿಸುತ್ತದೆ, ಅದಕ್ಕೇ ಎಳೆಯುವುದಿಲ್ಲ. ಕಾಲು ಹಗುರ ಮಾಡಿದರೆ ಹತ್ತುತ್ತದೆ. ಕೆಸರಿನಲ್ಲಿ ಹೂತಾಗ ಮಾತ್ರ ಬಟನ್ ಒತ್ತಿ ಆಫ್ ಮಾಡಿ, ಅಲ್ಲಿ ಚಕ್ರ ಸ್ವಲ್ಪ ತಿರುಗಿ ಕೆಸರು ಉದುರಬೇಕು. ಟಾರಿಗೆ ಬಂದ ಕೂಡಲೇ ಮತ್ತೆ ಆನ್ ಮಾಡಿ. ಒಣ ರಸ್ತೆಯಲ್ಲೂ ಮಿಣುಕುತ್ತಿದ್ದರೆ ಟೈರ್ ನೋಡಿ. ಟೈರಿನ ಮೇಲ್ಮೈಯ ಗೀರುಗಳೊಳಗೆ ಅಡ್ಡಡ್ಡ ಉಬ್ಬುಗಳಿರುತ್ತವೆ, ಟೈರ್ ಅವುಗಳ ಮಟ್ಟಕ್ಕೆ ಸವೆದಿದ್ದರೆ 1.6 ಮಿ.ಮೀ. ಉಳಿದಿದೆ ಎಂದು ಲೆಕ್ಕ. ಪುತ್ತೂರಿನ ಮಳೆಗೆ ಅದು ಸಾಲದು.

2016ರ ಸೆಕೆಂಡ್ ಹ್ಯಾಂಡ್ ಕಾರು ನೋಡಿದ್ದೇನೆ. ಮೀಟರಿನಲ್ಲಿ ಒಂದೂ ವಾರ್ನಿಂಗ್ ಲೈಟ್ ಇಲ್ಲ, ಎಲ್ಲ ಕ್ಲೀನ್ ಎನ್ನುತ್ತಾರೆ ಮಾರುವವರು. ಬ್ರೇಕ್ ವಿಷಯದಲ್ಲಿ ನಂಬಬಹುದೇ?
– ದಾವಣಗೆರೆಯ ಯುವ ಓದುಗರು

ಎಂಜಿನ್ ಸ್ಟಾರ್ಟ್ ಮಾಡದೆ ಕೀಲಿಯನ್ನು ಆನ್‌ಗೆ ಮಾತ್ರ ತಿರುಗಿಸಿ. ಆ ಕ್ಷಣ ವಾರ್ನಿಂಗ್ ಲೈಟುಗಳು ಹತ್ತಲೇಬೇಕು, ಎಬಿಎಸ್ ಕೂಡ. ಎಬಿಎಸ್ ಲೈಟ್ ತನ್ನನ್ನು ತಾನು ಪರೀಕ್ಷಿಸಿಕೊಂಡು ಕೆಲವೇ ಸೆಕೆಂಡಿನಲ್ಲಿ ಆರಬೇಕು. ಹತ್ತಲೇ ಇಲ್ಲ ಎಂದರೆ ಯಾರೋ ಅದರ ಬಾಯಿ ಮುಚ್ಚಿಸಿದ್ದಾರೆ. ಒಮ್ಮೆ ಮೀಟರ್ ಬಿಚ್ಚಿ ನೋಡಿದಾಗ ಆ ಚಿಹ್ನೆಯ ಹಿಂದೆ ಕಪ್ಪು ಇನ್ಸುಲೇಷನ್ ಟೇಪಿನ ಚಿಕ್ಕ ಚೌಕ ಅಂಟಿಸಿದ್ದರು. ಇನ್ನೂ ಚಾಣಾಕ್ಷರು ಅದರ ವೈರನ್ನು ಎಂಜಿನ್ ಆಯಿಲ್ ಲೈಟಿಗೆ ಗಂಟು ಹಾಕುತ್ತಾರೆ. ಆಗ ಅದು ಹತ್ತುತ್ತದೆ, ಆದರೆ ತಾನಾಗಿ ಆರುವುದಿಲ್ಲ. ಎಂಜಿನ್ ಸ್ಟಾರ್ಟ್ ಆದ ಮೇಲೆ ಆಯಿಲ್ ಲೈಟಿನ ಜೊತೆಗೇ ಹೋಗುತ್ತದೆ.

ಒಂದು ಮಾತು ಮಾರುವವರ ಪರವಾಗಿಯೂ ಹೇಳಬೇಕು. ನಮ್ಮಲ್ಲಿ ಕಾರುಗಳಿಗೆ ಎಬಿಎಸ್ ಕಡ್ಡಾಯವಾದದ್ದು ಹೊಸ ಮಾದರಿಗಳಿಗೆ 2018ರ ಏಪ್ರಿಲ್‌ನಿಂದ, ಉಳಿದವಕ್ಕೆ 2019ರ ಏಪ್ರಿಲ್‌ನಿಂದ. 2016ರ ಕೆಳದರ್ಜೆಯ ವೇರಿಯೆಂಟಿನಲ್ಲಿ ಎಬಿಎಸ್ಸೇ ಇಲ್ಲದಿರಬಹುದು, ಆಗ ಲೈಟೂ ಇರದು. ಬಾನೆಟ್ ಎತ್ತಿ ಹುಡುಕಿ: ಒಂದಷ್ಟು ಸಣ್ಣ ಲೋಹದ ಪೈಪುಗಳು ಬಂದು ಕೂಡುವ, ದಪ್ಪ ವೈರಿನ ಸಾಕೆಟ್ ಇರುವ ಅಲ್ಯೂಮಿನಿಯಂ ಗಟ್ಟಿ ಕಂಡರೆ ಎಬಿಎಸ್ ಇದೆ. ಗಟ್ಟಿ ಇದ್ದೂ ಕೀಲಿ ತಿರುಗಿಸಿದಾಗ ಲೈಟ್ ಬರದಿದ್ದರೆ, ಅಡ್ವಾನ್ಸ್ ಕೊಡದೆ ಎದ್ದು ಬನ್ನಿ.