ಕ್ಯಾಲಿಪರ್ ಹೊಸದು, ಚಕ್ರ ಮಾತ್ರ ಕೆಂಡ: ಮುಂದಿನ ಬ್ರೇಕ್ ಬಗ್ಗೆ ನಿಮ್ಮ ಪ್ರಶ್ನೆಗಳು

ಈ ಸಲ ಬಂದ ಪತ್ರಗಳಲ್ಲಿ ಮುಂದಿನ ಬ್ರೇಕ್ ಕಾಲು ತೆಗೆದರೂ ಬಿಡದೆ ಹಿಡಿದುಕೊಳ್ಳುವ ದೂರೇ ಜಾಸ್ತಿ. ಹಾಗಾಗಿ ಬೇರೆಲ್ಲ ಪಕ್ಕಕ್ಕಿಟ್ಟು ಇದನ್ನೇ ತೆಗೆದುಕೊಂಡಿದ್ದೇನೆ. ಮೊದಲ ಪ್ರಶ್ನೆಗೆ ಉದ್ದ ಉತ್ತರ ಇದೆ, ಸ್ವಲ್ಪ ತಾಳ್ಮೆ ಇರಲಿ.

ಪ್ರಶ್ನೆ: ನನ್ನ ಕಾರಿಗೆ ಒಂಬತ್ತು ವರ್ಷ. ಅರ್ಧ ಗಂಟೆ ಓಡಿಸಿದ ಮೇಲೆ ಮುಂದಿನ ಎಡ ಚಕ್ರದಿಂದ ಸುಟ್ಟ ವಾಸನೆ ಬರುತ್ತದೆ, ಸ್ಟೀರಿಂಗ್ ಎಡಕ್ಕೆ ಎಳೆಯುತ್ತದೆ. ಮೆಕ್ಯಾನಿಕ್ ನೋಡಿ ಕ್ಯಾಲಿಪರ್ ಜಾಮ್ ಎಂದರು, ಹೊಸದು ಹಾಕಿದರು. ಎರಡು ವಾರ ಸರಿ ಇತ್ತು. ಈಗ ಮತ್ತೆ ಅದೇ ಕಥೆ. ಇನ್ನೊಬ್ಬರು ಮಾಸ್ಟರ್ ಸಿಲಿಂಡರ್ ಹೋಗಿದೆ ಅನ್ನುತ್ತಾರೆ. ಯಾರ ಮಾತು ಕೇಳಲಿ?

ಉತ್ತರ: ಸದ್ಯಕ್ಕೆ ಇಬ್ಬರದ್ದೂ ಬೇಡ. ಚಕ್ರ ಏನು ಹೇಳುತ್ತದೆ ಕೇಳೋಣ.

ಮೊದಲು ಒಂದು ಸಣ್ಣ ವಿಷಯ ತಿಳಿದಿರಲಿ. ಪೆಡಲ್ ಒತ್ತಿದಾಗ ಮಾಸ್ಟರ್ ಸಿಲಿಂಡರ್ ಬ್ರೇಕ್ ಆಯಿಲನ್ನು ಪೈಪಿನಲ್ಲಿ ತಳ್ಳುತ್ತದೆ. ಚಕ್ರದ ಹತ್ತಿರ ಡಿಸ್ಕನ್ನು ಕವಚಿಕೊಂಡಿರುವ ಕ್ಯಾಲಿಪರ್ ಒಳಗಿನ ಪಿಸ್ಟನ್ ಆ ಒತ್ತಡಕ್ಕೆ ಮುಂದೆ ಬಂದು ಪ್ಯಾಡ್‌ಗಳನ್ನು ಡಿಸ್ಕಿಗೆ ಅದುಮುತ್ತದೆ. ಡ್ರಮ್ ಬ್ರೇಕಿನಲ್ಲಿ ಶೂಗಳನ್ನು ವಾಪಸ್ ಎಳೆಯಲು ಸ್ಪ್ರಿಂಗ್ ಇರುತ್ತದೆ. ಡಿಸ್ಕ್ ಬ್ರೇಕಿನಲ್ಲಿ ಪಿಸ್ಟನ್ ಎಳೆಯಲು ಅಂಥ ಸ್ಪ್ರಿಂಗ್ ಇಲ್ಲ. ಪಿಸ್ಟನ್ ಸುತ್ತ ಚೌಕ ಅಂಚಿನ ಒಂದು ರಬ್ಬರ್ ಸೀಲ್ ಕೂತಿರುತ್ತದೆ, ಅಷ್ಟೇ. ಬ್ರೇಕ್ ಒತ್ತಿದಾಗ ಪಿಸ್ಟನ್ ಜೊತೆ ಆ ರಬ್ಬರ್ ಸ್ವಲ್ಪ ಬಾಗುತ್ತದೆ, ಕಾಲು ತೆಗೆದಾಗ ತನ್ನ ಆಕಾರಕ್ಕೆ ಮರಳುತ್ತಾ ಪಿಸ್ಟನ್ನನ್ನೂ ಕೂದಲೆಳೆಯಷ್ಟು ಹಿಂದಕ್ಕೆ ತರುತ್ತದೆ. ಒಂದು ಮಿಲಿಮೀಟರ್‌ಗಿಂತ ತುಂಬಾ ಕಡಿಮೆ. ಇಷ್ಟು ಬಡಪಾಯಿ ಶಕ್ತಿಯ ಮೇಲೆ ಇಡೀ ಚಕ್ರ ಬಿಡುಗಡೆ ಆಗಬೇಕು. ಅದಕ್ಕೇ ದಾರಿಯಲ್ಲಿ ಚೂರು ಅಡ್ಡಿ ಬಂದರೂ ಮುಂದಿನ ಬ್ರೇಕ್ ಹಿಡಿದುಕೊಳ್ಳುತ್ತದೆ.

ಅಡ್ಡಿ ಎರಡು ಥರ. ಒಂದು, ಒಳಗೆ ಆಯಿಲ್‌ನ ಒತ್ತಡ ಇಳಿಯದೆ ಸಿಕ್ಕಿಕೊಂಡಿರುವುದು. ಇನ್ನೊಂದು, ಒತ್ತಡ ಇಳಿದರೂ ತುಕ್ಕು ಹಿಡಿದ ಲೋಹ ಜರುಗದೆ ಇರುವುದು. ಇವೆರಡರಲ್ಲಿ ಯಾವುದು ಅಂತ ಗೊತ್ತಾಗುವವರೆಗೆ ಒಂದು ವಾಷರ್ ಕೂಡ ಕೊಳ್ಳಬೇಡಿ. ನಿಮ್ಮ ಕಾರಿನಲ್ಲಿ ಆಗಿರುವುದೇ ಅದು. ಪರೀಕ್ಷೆ ಮಾಡದೆ ಸಾಮಾನು ಬದಲಿಸಿದ್ದಾರೆ.

ಪರೀಕ್ಷೆ ಸುಲಭ. ಆದರೆ ಬ್ರೇಕ್ ಹಿಡಿದುಕೊಂಡಿರುವಾಗಲೇ ಮಾಡಬೇಕು. ಜ್ವರದ ಮಗು ಡಾಕ್ಟರ್ ಮುಂದೆ ಆಟ ಆಡಿದ ಹಾಗೆ, ಗ್ಯಾರೇಜಿನಲ್ಲಿ ಒಂದು ಗಂಟೆ ನಿಂತು ತಣ್ಣಗಾದ ಚಕ್ರ ಸಲೀಸಾಗಿ ತಿರುಗುತ್ತದೆ, ಆಮೇಲೆ ಏನು ನೋಡಿದರೂ ಪ್ರಯೋಜನ ಇಲ್ಲ. ಆದ್ದರಿಂದ ವಾಸನೆ ಬರುವವರೆಗೆ ಓಡಿಸಿಕೊಂಡು ಬಂದು, ಸಮತಟ್ಟಾದ ಗಟ್ಟಿ ನೆಲದಲ್ಲಿ ನಿಲ್ಲಿಸಿ. ಹಿಂದಿನ ಚಕ್ರಗಳಿಗೆ ಅಡ್ಡ ಕೊಡಿ. ಜಾಕ್ ಏರಿಸಿದ ಮೇಲೆ ಕೆಳಗೆ ಸ್ಟ್ಯಾಂಡ್ ಇಡಿ. ಬರೀ ಜಾಕ್ ನಂಬಿ ಗಾಡಿ ಕೆಳಗೆ ಕೈ ಹಾಕುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ, ಇದನ್ನು ಎಷ್ಟು ಸಲ ಬರೆದರೂ ಕಡಿಮೆಯೇ. ಗೇರ್ ನ್ಯೂಟ್ರಲ್‌ನಲ್ಲಿರಲಿ. ಡಿಸ್ಕ್ ಮುಟ್ಟಬೇಡಿ, ಚರ್ಮ ಅಂಟಿಕೊಳ್ಳುವಷ್ಟು ಬಿಸಿ ಇರುತ್ತದೆ. ಟೈರ್ ಹಿಡಿದು ತಿರುಗಿಸಿ. ಪ್ಯಾಡ್ ಡಿಸ್ಕಿಗೆ ಸ್ವಲ್ಪ ಸವರಿ ಸುಯ್ ಅನ್ನುವುದು ಸಹಜ. ಎರಡು ಕೈ ಹಾಕಿ ದಬ್ಬಬೇಕಾದರೆ ಹಿಡಿದಿದೆ ಅಂತಲೇ ಅರ್ಥ.

ಈಗ ಕ್ಯಾಲಿಪರ್ ಹಿಂದೆ ರಬ್ಬರ್ ಟೋಪಿ ಹಾಕಿರುವ ಬ್ಲೀಡರ್ ನಿಪ್ಪಲ್ (ಆಯಿಲ್, ಗಾಳಿ ಹೊರಬಿಡುವ ಸಣ್ಣ ಸ್ಕ್ರೂ) ಹುಡುಕಿ. ಅದಕ್ಕೆ ಪಾರದರ್ಶಕವಾದ ಸಣ್ಣ ಪೈಪ್ ಸಿಕ್ಕಿಸಿ ಇನ್ನೊಂದು ತುದಿಯನ್ನು ಬಾಟಲಿಯಲ್ಲಿ ಇಳಿಬಿಡಿ. ಗ್ಲೌಸ್, ಕನ್ನಡಕ ಹಾಕಿಕೊಳ್ಳಿ, ಆಯಿಲ್ ಬಿಸಿ ಇರುತ್ತದೆ. ಮಾಮೂಲಿ ಬಾಯಿ ಸ್ಪ್ಯಾನರ್ ಬೇಡ, ನಿಪ್ಪಲ್‌ನ ಮೂಲೆ ಸವೆದು ಹೋಗುತ್ತದೆ. ರಿಂಗ್ ಸ್ಪ್ಯಾನರ್ ಹಾಕಿ ಕಾಲು ಸುತ್ತು ಸಡಿಲಿಸಿ, ಏನಾಗುತ್ತದೆ ನೋಡಿ.

ಆಯಿಲ್ ಚಿಳ್ ಅಂತ ಚಿಮ್ಮಿ, ಚಕ್ರ ತಕ್ಷಣ ಹಗುರಾಗಿ ತಿರುಗಿದರೆ ಒಳಗೆ ಒತ್ತಡ ಸಿಕ್ಕಿಕೊಂಡಿತ್ತು. ಕ್ಯಾಲಿಪರ್ ಪಾಪ, ಅದರ ತಪ್ಪಿಲ್ಲ. ಹನಿ ಹನಿ ಆಯಿಲ್ ಬಂದು ಚಕ್ರ ಹಾಗೇ ಬಿಗಿಯಾಗಿದ್ದರೆ ತುಕ್ಕಿನ ಕಡೆ ಹೋಗಿ. ಪಿಸ್ಟನ್, ಸ್ಲೈಡ್ ಪಿನ್ (ಕ್ಯಾಲಿಪರ್ ಆಚೀಚೆ ಜರುಗುವ ಕಡ್ಡಿ) ಅಥವಾ ಪ್ಯಾಡ್ ಕೂರುವ ಜಾಗ.

ನಿಪ್ಪಲ್ ಬಿಗಿ ಮಾಡಲು ಮರೆಯಬೇಡಿ. ಚೆಲ್ಲಿದ ಆಯಿಲ್ ಪೇಂಟ್ ತಿನ್ನುತ್ತದೆ, ಕೂಡಲೇ ನೀರು ಹಾಕಿ ತೊಳೆಯಿರಿ.

ನಿಮ್ಮ ಕಾರಿನಲ್ಲಿ ಆಯಿಲ್ ಚಿಮ್ಮುತ್ತದೆ ಅಂತ ನನ್ನ ಊಹೆ. ಕ್ಯಾಲಿಪರ್ ಹೊಸದು, ತೊಂದರೆ ಒಂದೇ ಚಕ್ರದಲ್ಲಿ. ಹಾಗಿದ್ದರೆ ನನ್ನ ಬೆರಳು ಹೋಗುವುದು ಕ್ಯಾಲಿಪರ್‌ಗೆ ಬರುವ ರಬ್ಬರ್ ಹೋಸ್ ಕಡೆಗೆ. ಖಚಿತ ಮಾಡಿಕೊಳ್ಳಲು, ಚಕ್ರ ಹಿಡಿದಿರುವಾಗ ಹೋಸ್‌ಗೂ ಗಟ್ಟಿ ಪೈಪ್‌ಗೂ ಸೇರುವ ನಟ್ಟನ್ನು ಸ್ವಲ್ಪ ಸಡಿಲಿಸಿ. ಅಲ್ಲಿ ಸಡಿಲಿಸಿದಾಗಲೇ ಚಕ್ರ ಬಿಟ್ಟುಕೊಂಡರೆ ತೊಂದರೆ ಇನ್ನೂ ಮೇಲೆ, ಮಾಸ್ಟರ್ ಕಡೆ ಇದೆ. ಅಲ್ಲಿ ಬಿಡದೆ, ಬ್ಲೀಡರ್ ಸಡಿಲಿಸಿದಾಗ ಮಾತ್ರ ಬಿಟ್ಟರೆ ಹೋಸ್ ಒಳಗೇ ಮುಚ್ಚಿದೆ.

ಈ ಹೋಸ್ ನನಗೂ ಒಮ್ಮೆ ನೀರು ಕುಡಿಸಿದೆ. ಕೆಲಸ ಕಲಿಯುವ ದಿನಗಳಲ್ಲಿ ಒಂದೇ ಗಾಡಿಗೆ ಎರಡು ಸಲ ಕ್ಯಾಲಿಪರ್ ಹಾಕಿದ್ದೆ. ಮೂರನೇ ಸಲ ಅದೇ ಗಾಡಿ ಬಂದು ನಿಂತಾಗ ಮುಖ ಎತ್ತಲು ಆಗಲಿಲ್ಲ. ಕೊನೆಗೆ ಹೋಸ್ ಬಿಚ್ಚಿ ಬಾಯಿಂದ ಊದಿ ನೋಡಿದೆ (ನೀವು ಹೀಗೆ ಮಾಡಬೇಡಿ, ಬ್ರೇಕ್ ಆಯಿಲ್ ವಿಷ). ಗಾಳಿ ಹೋಗಲೇ ಇಲ್ಲ. ಹೊರಗಿನಿಂದ ಹೋಸ್ ಚೆನ್ನಾಗಿಯೇ ಇತ್ತು, ಒಂದು ಬಿರುಕೂ ಇಲ್ಲ. ಬ್ಲೇಡಿನಿಂದ ಉದ್ದಕ್ಕೆ ಸೀಳಿದೆ. ಬ್ರಾಕೆಟ್ ಹಿಡಿದ ಜಾಗದಲ್ಲಿ ಹೊರಗಿನ ಕಬ್ಬಿಣದ ಪಟ್ಟಿಯ ಕೆಳಗೆ ತುಕ್ಕು ಊದಿಕೊಂಡು ಹೋಸನ್ನು ಅದುಮಿತ್ತು, ಒಳಗಿನ ರಬ್ಬರ್ ಪದರ ಎದ್ದು ನಾಲಿಗೆ ಥರ ತೂತಿಗೆ ಅಡ್ಡ ಬಿದ್ದಿತ್ತು. ಕಾಲಿನಿಂದ ಒತ್ತುವ ಒತ್ತಡ ಜೋರು, ಅದು ಆ ನಾಲಿಗೆಯನ್ನು ತಳ್ಳಿಕೊಂಡು ಮುಂದೆ ಹೋಗುತ್ತದೆ. ವಾಪಸ್ ಬರುವಾಗ ತಳ್ಳಲು ಆ ಬಡಪಾಯಿ ಸೀಲ್ ಒಂದೇ ಇರುವುದು, ಆಗುತ್ತದಾ?

ಎರಡು ವಾರ ಯಾಕೆ ಸರಿ ಇತ್ತು ಅಂತೀರಾ? ಕ್ಯಾಲಿಪರ್ ಬದಲಿಸುವಾಗ ಹೋಸ್ ಅಲುಗಾಡಿ ಒಳಗಿನ ಪದರ ಪಕ್ಕಕ್ಕೆ ಸರಿದಿರಬಹುದು. ಕ್ಯಾಲಿಪರನ್ನು ಹೋಸ್‌ಗೇ ನೇತುಬಿಟ್ಟು ಕೆಲಸ ಮಾಡುವವರೂ ಇದ್ದಾರೆ, ಹೋಸ್ ಹಾಳಾಗಲು ಅದೂ ಒಂದು ಕಾರಣ. ತಂತಿ ಕಟ್ಟಿ ತೂಗುಹಾಕಿ ಅಂತ ಹೇಳಿ. ಹೋಸ್ ಬದಲಿಸುವುದಾದರೆ ಬಲಗಡೆಯದ್ದನ್ನೂ ಬದಲಿಸಿಬಿಡಿ, ಅದಕ್ಕೂ ಒಂಬತ್ತೇ ವರ್ಷ ಅಲ್ವಾ.

ನನ್ನ ಊಹೆ ತಪ್ಪಾಗಿ, ಬ್ಲೀಡರ್ ಸಡಿಲಿಸಿದರೂ ಚಕ್ರ ಬಿಡಲಿಲ್ಲ ಅಂದುಕೊಳ್ಳಿ. ಆಗ ಪ್ಯಾಡ್ ಹೊರಗೆ ತೆಗೆದು ಪಕ್ಕಪಕ್ಕ ಇಟ್ಟು ನೋಡಿ. ಒಳಗಿನ ಪ್ಯಾಡ್ ಜಾಸ್ತಿ ಸವೆದಿದ್ದರೆ ಸಾಮಾನ್ಯವಾಗಿ ಪಿಸ್ಟನ್ ಹಿಂದೆ ಬರುತ್ತಿಲ್ಲ. ಹೊರಗಿನದು ಜಾಸ್ತಿ ಸವೆದಿದ್ದರೆ ಸ್ಲೈಡ್ ಪಿನ್ ಮೇಲೆ ಅನುಮಾನ. ಒಂದೇ ಪ್ಯಾಡ್ ಒಂದು ತುದಿಯಲ್ಲಿ ದಪ್ಪ, ಇನ್ನೊಂದು ತುದಿಯಲ್ಲಿ ತೆಳ್ಳಗಿದ್ದರೆ ಎರಡರಲ್ಲಿ ಒಂದು ಪಿನ್ ಜಾಮ್ ಆಗಿರಬಹುದು. ಪಿನ್ ಬೆರಳಿನಲ್ಲಿ ಎಳೆದರೆ ಬರಬೇಕು, ಬಿಟ್ಟರೆ ಮೆತ್ತಗೆ ಒಳಗೆ ಹೋಗಬೇಕು. ಹಳೇ ಗ್ರೀಸ್ ಪೂರ್ತಿ ಒರೆಸಿ, ರಬ್ಬರ್ ಬೂಟ್ ಹರಿದಿದೆಯಾ ನೋಡಿ, ಬ್ರೇಕಿಗೆಂದೇ ಬರುವ ಸಿಲಿಕೋನ್ ಗ್ರೀಸ್ ತೆಳ್ಳಗೆ ಹಚ್ಚಿ. ಮಾಮೂಲಿ ಗ್ರೀಸ್ ಹಚ್ಚಿದರೆ ರಬ್ಬರ್ ಊದಿ ಇನ್ನೂ ಬಿಗಿಯಾಗುತ್ತದೆ. ಕೆಲವು ಗಾಡಿಗಳಲ್ಲಿ ಮೇಲಿನ ಪಿನ್ನೇ ಬೇರೆ, ಕೆಳಗಿನದೇ ಬೇರೆ, ಒಂದಕ್ಕೆ ತುದಿಯಲ್ಲಿ ರಬ್ಬರ್ ತೋಳು ಇರುತ್ತದೆ. ಅದಲು ಬದಲು ಮಾಡಿ ಹಾಕಿದರೆ ಹೊಸ ಗ್ರೀಸ್ ಇದ್ದರೂ ಹಿಡಿಯುತ್ತದೆ.

ಹೊಸ ಪ್ಯಾಡ್ ಹಾಕಿದ ಮೇಲೆ ಶುರುವಾದ ತೊಂದರೆ ಆದರೆ ಪ್ಯಾಡಿನ ಎರಡು ಕಿವಿಗಳನ್ನು ನೋಡಿ. ಅಲ್ಲಿ ಪೇಂಟ್ ದಪ್ಪಗಿದ್ದರೆ, ಅಥವಾ ಪ್ಯಾಡ್ ಕೂರುವ ಬ್ರಾಕೆಟ್ಟಿನ ಸ್ಟೀಲ್ ಕ್ಲಿಪ್ ಕೆಳಗೆ ತುಕ್ಕು ಉಬ್ಬಿದ್ದರೆ, ಪ್ಯಾಡ್ ಜರುಗುವುದಿಲ್ಲ. ಸುತ್ತಿಗೆಯಿಂದ ಬಡಿದು ಕೂರಿಸಿದ ಪ್ಯಾಡ್ ವಾಪಸ್ ಬರುವುದು ಹೇಗೆ ಹೇಳಿ. ಕ್ಲಿಪ್ ತೆಗೆದು ತುಕ್ಕು ಉಜ್ಜಿ, ಕೈಯಲ್ಲೇ ಜರುಗಿ ಕೂರುವ ಹಾಗೆ ಮಾಡಿ.

ಇನ್ನೊಂದು ಮಾತು, ಎಳೆತದ ಬಗ್ಗೆ. ಬ್ರೇಕ್ ಒತ್ತದೆ ಇದ್ದಾಗಲೂ ಗಾಡಿ ಎಡಕ್ಕೆ ಎಳೆದರೆ ಎಡಗಡೆ ಹಿಡಿದಿದೆ. ಬ್ರೇಕ್ ಒತ್ತಿದಾಗ ಮಾತ್ರ ಎಡಕ್ಕೆ ಎಳೆದರೆ ಬಲಗಡೆಯದು ಕೆಲಸ ಮಾಡುತ್ತಿಲ್ಲ ಎಂದೂ ಆಗಬಹುದು. ಇದನ್ನು ಗಮನಿಸದೆ ಒಳ್ಳೆಯ ಕಡೆಯದ್ದನ್ನೇ ಬಿಚ್ಚಿ ಹಾಕುವವರು ಬಹಳ.

ಪ್ರಶ್ನೆ: ಬ್ರೇಕ್ ಲೈಟ್ ಸ್ವಿಚ್ ಬದಲಿಸಿದ ಮೇಲೆ ಮುಂದಿನ ಎರಡೂ ಚಕ್ರ ಹಿಡಿಯುತ್ತಿವೆ. ಬೆಳಗ್ಗೆ ಚೆನ್ನಾಗಿರುತ್ತದೆ. ಓಡಿಸುತ್ತಾ ಹೋದ ಹಾಗೆ ಪೆಡಲ್ ಗಟ್ಟಿಯಾಗುತ್ತದೆ, ಕೊನೆಗೆ ಗಾಡಿ ಮುಂದಕ್ಕೇ ಹೋಗುವುದಿಲ್ಲ. ಸ್ವಿಚ್‌ಗೂ ಬ್ರೇಕಿಗೂ ಏನು ಸಂಬಂಧ?

ಉತ್ತರ: ಸಂಬಂಧ ಇದೆ. ಅದೂ ಒಳ್ಳೆಯದೇ, ನಿಮ್ಮ ರಿಪೇರಿ ಪುಕ್ಕಟೆ ಆಗಬಹುದು.

ಮಾಸ್ಟರ್ ಸಿಲಿಂಡರ್ ಒಳಗೆ ಸೂಜಿಮೊನೆಯಷ್ಟು ಒಂದು ತೂತು ಇರುತ್ತದೆ. ಪೆಡಲ್ ಪೂರ್ತಿ ಮೇಲೆ ಬಂದಾಗ ಮಾತ್ರ ಅದು ತೆರೆದಿರುತ್ತದೆ. ಬ್ರೇಕ್ ಬಿಸಿಯಾಗಿ ಆಯಿಲ್ ಹಿಗ್ಗಿದಾಗ ಹೆಚ್ಚಾದದ್ದು ಅದರ ಮೂಲಕ ಬ್ರೇಕ್ ಆಯಿಲ್ ಡಬ್ಬಿಗೆ ವಾಪಸ್ ಹೋಗಬೇಕು. ನಿಮ್ಮ ಹೊಸ ಸ್ವಿಚ್ ಸ್ವಲ್ಪ ಮುಂದೆ ಕೂತು ಪೆಡಲ್ ಪೂರ್ತಿ ಮೇಲೆ ಬರದ ಹಾಗೆ ತಡೆಯುತ್ತಿದ್ದರೆ ಆ ತೂತು ಮುಚ್ಚಿಯೇ ಇರುತ್ತದೆ. ಹಿಗ್ಗಿದ ಆಯಿಲ್‌ಗೆ ಹೋಗಲು ಜಾಗ ಇಲ್ಲ, ಪ್ಯಾಡನ್ನೇ ಒತ್ತುತ್ತದೆ, ಪ್ಯಾಡ್ ಉಜ್ಜಿ ಇನ್ನೂ ಬಿಸಿ, ಇನ್ನೂ ಬಿಸಿಯಾದರೆ ಇನ್ನೂ ಹಿಗ್ಗು, ಹೀಗೆ ಗಾಡಿ ತನ್ನಷ್ಟಕ್ಕೆ ತಾನೇ ಬ್ರೇಕ್ ಹಾಕಿಕೊಂಡು ನಿಲ್ಲುತ್ತದೆ. ರಾತ್ರಿ ತಣ್ಣಗಾದರೆ ಬೆಳಗ್ಗೆ ಎಲ್ಲ ಸರಿ.

ಪೆಡಲನ್ನು ಕಾಲಿನ ಬೆರಳಿನಿಂದ ಹಿಂದಕ್ಕೆ ಎತ್ತಿ ನೋಡಿ. ಎತ್ತಿದಾಗ ಚಕ್ರ ಬಿಟ್ಟುಕೊಂಡರೆ ಉತ್ತರ ಸಿಕ್ಕಿತು. ಸ್ವಿಚ್ ಹಿಂದಕ್ಕೆ ಸರಿಸಿ, ಪೆಡಲ್‌ಗೆ ಒಂದಿಷ್ಟು ಖಾಲಿ ಆಟ ಇರುವಂತೆ ಮಾಡಿ. ಎಷ್ಟು ಅನ್ನುವುದು ನಿಮ್ಮ ಗಾಡಿಯ ಪುಸ್ತಕದಲ್ಲಿ ಇರುತ್ತದೆ. ಅದರಿಂದ ಆಗದಿದ್ದರೆ, ಬ್ರೇಕ್ ಹಿಡಿದಿರುವಾಗ ಮಾಸ್ಟರ್ ಸಿಲಿಂಡರನ್ನು ಬೂಸ್ಟರ್‌ಗೆ (ಕಾಲಿನ ಒತ್ತಡಕ್ಕೆ ಬಲ ಸೇರಿಸುವ ಭಾಗ) ಬಿಗಿದಿರುವ ಎರಡು ನಟ್ಟುಗಳನ್ನು ಸಡಿಲಿಸಿ, ಮಧ್ಯೆ ಎರಡು ಮೂರು ಮಿಲಿಮೀಟರ್ ಸಂದು ಬಿಡಿ. ಆಗ ಚಕ್ರ ಬಿಟ್ಟರೆ ಬೂಸ್ಟರಿನ ಕಡ್ಡಿ ಮಾಸ್ಟರನ್ನು ಸದಾ ತಳ್ಳುತ್ತಿದೆ. ಆಗಲೂ ಬಿಡದೆ, ಮಾಸ್ಟರಿನಿಂದ ಹೊರಡುವ ಪೈಪಿನ ನಟ್ಟು ಸಡಿಲಿಸಿದ ಮೇಲೆ ಬಿಟ್ಟರೆ ಮಾತ್ರ ಮಾಸ್ಟರ್ ಸಿಲಿಂಡರ್ ಬದಲಿಸುವ ಮಾತು. ಪರೀಕ್ಷೆ ಮುಗಿದ ಮೇಲೆ ಎಲ್ಲ ಬಿಗಿ ಮಾಡಿ, ಪೈಪ್ ಸಡಿಲಿಸಿದ್ದರೆ ಗಾಳಿ ತೆಗೆಸಿ, ಪೆಡಲ್ ಗಟ್ಟಿ ಇದೆ ಅಂತ ನೋಡಿಕೊಂಡೇ ರಸ್ತೆಗೆ ಇಳಿಯಿರಿ.

ಪ್ರಶ್ನೆ: ಬೈಕಿಗೆ ಚೆಂದ ಕಾಣಲಿ ಅಂತ ಬೇರೆ ಬ್ರೇಕ್ ಲಿವರ್ ಹಾಕಿಸಿದೆ. ಅಂದಿನಿಂದ ಮುಂದಿನ ಡಿಸ್ಕ್ ಹಿಡಿಯುತ್ತದೆ.

ಉತ್ತರ: ಮೇಲಿನ ಉತ್ತರವೇ, ಪೆಡಲ್ ಬದಲು ಲಿವರ್ ಅಷ್ಟೇ. ಹೊಸ ಲಿವರಿನ ಮೂಗು ಸ್ವಲ್ಪ ಉದ್ದ ಇದ್ದು ಮಾಸ್ಟರಿನ ಪಿಸ್ಟನ್ನನ್ನು ಒತ್ತಿಕೊಂಡೇ ಇರುತ್ತದೆ. ಹಳೇ ಲಿವರ್ ಹಾಕಿ ಒಂದು ದಿನ ಓಡಿಸಿ, ಗೊತ್ತಾಗುತ್ತದೆ. ಲಿವರನ್ನು ಉಜ್ಜಿ ಸರಿಮಾಡುವ ಸಾಹಸ ಬೇಡ.

ಪ್ರಶ್ನೆ: ಅಣ್ಣ ಗೊತ್ತಿಲ್ಲದೆ ಬ್ರೇಕ್ ಡಬ್ಬಿಗೆ ಇಂಜಿನ್ ಆಯಿಲ್ ಸುರಿದುಬಿಟ್ಟಿದ್ದಾನೆ. ತೆಗೆದು ಬ್ರೇಕ್ ಆಯಿಲ್ ತುಂಬಿದ್ದೇವೆ. ಈಗ ಬ್ರೇಕ್ ಒತ್ತಿದರೆ ಬಿಡುವುದಿಲ್ಲ. ಅಣ್ಣನೂ ಮಾತಾಡುತ್ತಿಲ್ಲ.

ಉತ್ತರ: ಅಣ್ಣನನ್ನು ಬೈಯಬೇಡಿ, ಎರಡಕ್ಕೂ ನಾವೇ ‘ಆಯಿಲ್’ ಅಂತ ಹೆಸರಿಟ್ಟಿದ್ದೇವೆ. ಡಾಟ್ 3, ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ನಿಜವಾಗಿ ಎಣ್ಣೆಯೇ ಅಲ್ಲ, ನೀರಿನಲ್ಲಿ ಕರಗುವ ಗ್ಲೈಕಾಲ್ ಜಾತಿಯದು. ಅದಕ್ಕೆ ಹೊಂದುವ ರಬ್ಬರ್ ಇಂಜಿನ್ ಆಯಿಲ್ ತಗುಲಿದರೆ ಊದಿಕೊಳ್ಳುತ್ತದೆ. ಡಬ್ಬಿಯ ಮುಚ್ಚಳದ ಒಳಗಿನ ರಬ್ಬರ್ ತೆಗೆದು ನೋಡಿ. ಮೆತ್ತಗಾಗಿ, ಅಗಲವಾಗಿ, ಮತ್ತೆ ಮುಚ್ಚಳದಲ್ಲಿ ಕೂರದಿದ್ದರೆ ಒಳಗಿನ ಸೀಲ್‌ಗಳದ್ದೂ ಅದೇ ಗತಿ. ಇನ್ನೂ ಅನುಮಾನ ಇದ್ದರೆ ಡಬ್ಬಿಯಿಂದ ನಾಲ್ಕು ಹನಿ ತೆಗೆದು ಒಂದು ಲೋಟ ನೀರಿಗೆ ಬಿಡಿ. ಬ್ರೇಕ್ ಆಯಿಲ್ ಆದರೆ ನೀರಲ್ಲಿ ಬೆರೆತು ಹೋಗುತ್ತದೆ, ಇಂಜಿನ್ ಆಯಿಲ್ ಇನ್ನೂ ಉಳಿದಿದ್ದರೆ ಮೇಲೆ ತೇಲುತ್ತದೆ. ಆ ಲೋಟವನ್ನು ಆಮೇಲೆ ಅಡುಗೆಮನೆಗೆ ತರಬೇಡಿ. ಇಲ್ಲಿ ತೊಳೆದು ಬಳಸುವ ಮಾತೇ ಇಲ್ಲ. ಪೈಪುಗಳನ್ನು ತೊಳೆಸಿ, ಆಯಿಲ್ ತಗುಲಿದ ರಬ್ಬರ್ ಎಲ್ಲವನ್ನೂ, ಮಾಸ್ಟರ್‌ನಿಂದ ಹೋಸ್, ಕ್ಯಾಲಿಪರ್ ಸೀಲ್‌ವರೆಗೆ ಬದಲಿಸಬೇಕು. ಖರ್ಚು ಇದೆ. ಅಲ್ಲಿಯವರೆಗೆ ಗಾಡಿ ಓಡಿಸಬೇಡಿ.

ಪ್ರಶ್ನೆ: ಮಳೆಯಲ್ಲಿ ರಾತ್ರಿ ನಿಲ್ಲಿಸಿದ ಕಾರು ಬೆಳಗ್ಗೆ ಹೊರಡುವಾಗ ‘ಟಕ್’ ಅನ್ನುತ್ತದೆ. ಬ್ರೇಕ್ ಜಾಮ್ ಅಂತಲಾ?

ಉತ್ತರ: ಅಲ್ಲ. ಒದ್ದೆ ಡಿಸ್ಕ್ ಮೇಲೆ ತೆಳು ತುಕ್ಕು ಬಂದು ಪ್ಯಾಡ್ ಅಂಟಿರುತ್ತದೆ. ನಾಲ್ಕು ಸಲ ಬ್ರೇಕ್ ಒತ್ತಿದರೆ ಹೋಗುತ್ತದೆ. ಚಿಂತೆ ಬಿಡಿ.

ಪ್ರಶ್ನೆ: ಮುಂದಿನ ಚಕ್ರ ಬಿಸಿ ಆಗುತ್ತದೆ, ಆದರೆ ಬ್ರೇಕ್ ಚೆನ್ನಾಗಿಯೇ ಹಿಡಿಯುತ್ತದೆ. ರಜೆ ಬರುವವರೆಗೆ ಹೀಗೇ ಓಡಿಸಬಹುದಾ?

ಉತ್ತರ: ಬೇಡ. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವ ಹೀರುತ್ತದೆ. ಹೊಸ ಡಾಟ್ 3 ಕುದಿಯಲು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಬೇಕು, ನೀರು ಸೇರಿದ್ದಕ್ಕೆ ನಿಗದಿಯಾದ ಕನಿಷ್ಠ ಬರೀ 140. ಡಾಟ್ 4ಕ್ಕೆ ಈ ಲೆಕ್ಕ 230 ಮತ್ತು 155. ಹಿಡಿದುಕೊಂಡ ಬ್ರೇಕಿನಲ್ಲಿ ಅಷ್ಟು ಬಿಸಿ ಏರುವುದು ಕಷ್ಟವೇನಲ್ಲ. ಕುದ್ದರೆ ಒಳಗೆ ಆವಿ, ಆವಿ ಇದ್ದರೆ ಪೆಡಲ್ ಸೀದಾ ನೆಲಕ್ಕೆ. ಇವತ್ತು ಜಾಸ್ತಿ ಹಿಡಿಯುವ ಬ್ರೇಕ್ ಇಳಿಜಾರಿನಲ್ಲಿ ಒಮ್ಮೆಲೇ ಇಲ್ಲವಾಗುವುದು ಹೀಗೆ.

ದಾರಿಯಲ್ಲೇ ಹೊಗೆ ಬಂದರೆ ನಿಧಾನವಾಗಿ ಪಕ್ಕಕ್ಕೆ ನಿಲ್ಲಿಸಿ, ಬ್ರೇಕ್ ಪೆಡಲ್‌ನಿಂದ ಕಾಲು ತೆಗೆದು, ತಣ್ಣಗಾಗಲು ಬಿಡಿ. ನೀರು ಎರಚಬೇಡಿ, ಡಿಸ್ಕ್ ಸೊಟ್ಟಗಾಗುತ್ತದೆ ಅಥವಾ ಸೀಳುತ್ತದೆ. ಗ್ಯಾರೇಜಿನಲ್ಲಿ ಚಕ್ರ ಬಿಚ್ಚಿದಾಗ ಡಿಸ್ಕ್ ಮೇಲೆ ನೀಲಿ ಛಾಯೆ ಕಂಡರೆ ಅದು ತುಂಬಾ ಬಿಸಿಯಾಗಿತ್ತು ಎಂದೇ ಲೆಕ್ಕ, ಪ್ಯಾಡ್‌ಗಳನ್ನು ಎರಡೂ ಕಡೆ ಜೋಡಿಯಾಗಿ ಬದಲಿಸಿ. ಹಾಗೇ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ ನೋಡಲು ಹೇಳಿ. ಕೆಲವೊಮ್ಮೆ ಬಿಸಿ ಬರುವುದು ಬ್ರೇಕಿನಿಂದಲ್ಲ, ಹಾಳಾದ ಬೇರಿಂಗ್‌ನಿಂದ. ವೇಗ ಏರಿದ ಹಾಗೆ ಗುಂಯ್ ಅನ್ನುವ ಶಬ್ದವೂ ಏರುತ್ತಿದ್ದರೆ ಅದನ್ನೇ ಮೊದಲು ನೋಡಿಸಿ.