ಜ್ವಾಲಾಮುಖಿಗಳಲ್ಲಿ ಎಷ್ಟು ಬಗೆ? ಆಕಾರ ಯಾಕೆ ಬೇರೆಬೇರೆ?

ಮುಖ್ಯವಾಗಿ ಮೂರು ಬಗೆ. ಲಾವಾ ತೆಳುವೋ ಮಂದವೋ ಅನ್ನೋದೇ ದೊಡ್ಡ ವ್ಯತ್ಯಾಸ.

ಹವಾಯಿಯ ಮೌನಾ ಲೋವಾದಲ್ಲಿ ಲಾವಾ ತೆಳು. ನೀರುದೋಸೆ ಹಿಟ್ಟಿನ ಹಾಗೆ ದೂರ ಹರಿದು, ಪದರದ ಮೇಲೆ ಪದರ ಕೂತು, ಗುರಾಣಿಯಂಥ ಅಗಲ ಬೆಟ್ಟವಾಗುತ್ತದೆ.

ಜಪಾನಿನ ಫ್ಯೂಜಿ ಬೇರೆ ಥರ. ಅಲ್ಲಿ ಒಂದು ಭೂಫಲಕ, ಅಂದರೆ ಭೂಮಿಯ ಹೊರಪದರದ ದೊಡ್ಡ ತುಂಡು, ಇನ್ನೊಂದರ ಅಡಿಗೆ ನುಗ್ಗುತ್ತದೆ. ಜೊತೆಗೆ ಹೋದ ನೀರಿನಿಂದ ಮೇಲಿನ ಬಂಡೆ ಬೇಗ ಕರಗುತ್ತದೆ. ಇಂಥ ಕಡೆ ಶಿಲಾರಸ (ನೆಲದಡಿಯ ಕರಗಿದ ಬಂಡೆ) ಸಾಮಾನ್ಯವಾಗಿ ಅಂಟಂಟು, ಅನಿಲವೂ ಜಾಸ್ತಿ. ಸೀಟಿ ಕಟ್ಟಿಕೊಂಡ ಕುಕ್ಕರ್ ನೆನೆಸಿಕೊಳ್ಳಿ! ಬೂದಿ, ಲಾವಾ ಸೇರಿ ಕಡಿದಾದ ಶಿಖರ ಏಳುತ್ತದೆ.

ನನಗಿಷ್ಟವಾದದ್ದು ಮೂರನೆಯದು, ಕಿಟ್ಟದ ಗುಡ್ಡ. 1943ರಲ್ಲಿ ಮೆಕ್ಸಿಕೋದ ಮೆಕ್ಕೆಜೋಳದ ಹೊಲವೊಂದು ಬಿರುಕುಬಿಟ್ಟು ಪರಿಕುಟಿನ್ ಹುಟ್ಟಿತು. ಚಿಮ್ಮಿದ ಲಾವಾ ಚೂರುಗಳು ಸುತ್ತ ಬಿದ್ದು ರಾಶಿಯಾಗಿ, ಒಂದೇ ವರ್ಷದಲ್ಲಿ 300 ಮೀಟರ್ ದಾಟಿತು. ಪಕ್ಕದ ಊರು ಲಾವಾದಲ್ಲಿ ಮುಳುಗಿತು. ಅಲ್ಲಿನ ಚರ್ಚಿನ ಗೋಪುರ ಇವತ್ತಿಗೂ ಕಪ್ಪು ಕಲ್ಲಿನ ನಡುವೆ ನಿಂತಿದೆ.